ಎರಡು ಚುಕ್ಕೆಯ ಮೀನು, ಎರವಲು ಹೆಸರು: ಭೀಮಾ ಕೊಳ್ಳದ ಕಿರುಗೆಂಡೆಗಳ ವರ್ಗೀಕರಣ – ಒಂದು ವಿಮರ್ಶೆ

1. ಪೀಠಿಕೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಸೊನ್ನ ಗ್ರಾಮದ ಹೆಸರು ಇಂದು ಭೀಮಾ ಏತ ನೀರಾವರಿ ಯೋಜನೆಯ ಬ್ಯಾರೇಜಿನಿಂದಾಗಿ ಪರಿಚಿತವಾಗಿದೆ. ನೆರೆ ಬಂದಾಗ ಎಷ್ಟು ನೀರು ಹರಿಯಿತು, ಬೇಸಿಗೆಯಲ್ಲಿ ಎಷ್ಟು ನೀರು ಉಳಿಯಿತು ಎಂಬ ಲೆಕ್ಕಗಳಲ್ಲಿ ಈ ಊರು ಕಾಣಿಸಿಕೊಳ್ಳುತ್ತದೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಮುಂದೆ ನದಿ ಜೇವರ್ಗಿಯ ಕಡೆಗೆ ಸಾಗಿ, ಕಾಗಿಣಾ ನದಿಯನ್ನು ಕೂಡಿಕೊಂಡು, ಕೊನೆಗೆ ಕೃಷ್ಣೆಯಲ್ಲಿ ಲೀನವಾಗುತ್ತದೆ. ಎರೆನೆಲದ ನಡುವೆ ಹರಿಯುವ ಈ ನೀರಿನ ಇತಿಹಾಸವನ್ನು ಶಾಸನಗಳ ಮೂಲಕ, ಕ್ಷೇತ್ರಗಳ ಮೂಲಕ, ನೀರಾವರಿಯ ಮೂಲಕ ಬರೆಯುವ ಪ್ರಯತ್ನಗಳು ನಡೆದಿವೆ. ಅದರೊಳಗಿನ ಜೀವಿಗಳ ಮೂಲಕ ಬರೆಯುವ ಪ್ರಯತ್ನಗಳು ವಿರಳ.

ಭಾರತದ ಸಿಹಿನೀರಿನ ಮೀನುಗಳಲ್ಲಿ ಗೆಂಡೆಯ ಕುಟುಂಬಕ್ಕೆ ಸೇರಿದ, ಬೆರಳುದ್ದವೂ ಇಲ್ಲದ ಒಂದು ಗುಂಪಿದೆ. ಬೆಳ್ಳಿಯ ಮೈ, ಹೆಗಲ ಬಳಿ ಒಂದು ಕಪ್ಪು ಚುಕ್ಕೆ, ಬಾಲದ ಬುಡದಲ್ಲಿ ಇನ್ನೊಂದು. ಅಲಂಕಾರಿಕ ಮೀನುಗಳ ವ್ಯಾಪಾರದಲ್ಲಿ ಇವುಗಳನ್ನು ಬಾರ್ಬ್‌ಗಳೆಂದು ಕರೆಯುತ್ತಾರೆ. ಜಿಲ್ಲಾವಾರು ಮೀನುಪಟ್ಟಿಗಳಲ್ಲಿ, ಜಲಾಶಯಗಳ ಸಮೀಕ್ಷೆಗಳಲ್ಲಿ, ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಿ ಈ ಎರಡು ಚುಕ್ಕೆಯ ಮೀನು ಬಹುಮಟ್ಟಿಗೆ ಒಂದೇ ಹೆಸರಿನಿಂದ ದಾಖಲಾಗುತ್ತ ಬಂದಿದೆ: ಹಿಂದೆ ಪುಂಟಿಯಸ್ ಟಿಕ್ಟೋ, ಈಗ ಪೆಥಿಯಾ ಟಿಕ್ಟೋ. ಈ ಹೆಸರು ಭೀಮೆಯ ಮೀನನ್ನು ನೋಡಿ ಇಟ್ಟದ್ದಲ್ಲ. ಅದು ಬಂಗಾಳದಿಂದ ಬಂದ ಹೆಸರು. ಎರವಲು ಬಂದ ಈ ಹೆಸರಿನ ಸಿಂಧುತ್ವವನ್ನು ಪರಿಶೀಲಿಸುವುದು, ಹತ್ತಿರದ ಪ್ರಭೇದಗಳನ್ನು ಗುರುತಿಸುವ ಕ್ರಮಗಳ ಬಲಾಬಲಗಳನ್ನು ತೂಗಿನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2. ದೇಶೀಯ ವರ್ಗೀಕರಣದ ನೆಲೆಗಳು

ಮೀನುಗಳನ್ನು ಗುಂಪು ಮಾಡುವ ವಿದ್ಯೆ ಈ ಪ್ರದೇಶಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆ ಮೀಸಲಾದ ಭಾಗವೊಂದಿದೆ. ಅಲ್ಲಿ ಮೀನುಗಳನ್ನು ಸಮುದ್ರದವು ಮತ್ತು ನದಿಯವು, ಹುರುಪೆಯುಳ್ಳವು ಮತ್ತು ಹುರುಪೆಯಿಲ್ಲದವು ಎಂದು ವಿಂಗಡಿಸಿ, ಗಾತ್ರವನ್ನೂ ಅವುಗಳಿಗೆ ಒಡ್ಡಬೇಕಾದ ಆಹಾರವನ್ನೂ ಹೇಳಲಾಗಿದೆ. ಭಾರತೀಯ ಮತ್ಸ್ಯಶಾಸ್ತ್ರದ ಪ್ರಮುಖ ವಿದ್ವಾಂಸ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಆಧುನಿಕ ಪ್ರಾಣಿವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದರು. ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಎಂದರೆ ಭೀಮೆಯ ಮಧ್ಯಕಣಿವೆಗೆ ಅದು ದೂರದ ಊರಲ್ಲ.

ಈ ವರ್ಗೀಕರಣದ ಮಿತಿಯನ್ನೂ ಗಮನಿಸಬೇಕು. ಅದು ಗಾಳ ಹಾಕುವ ಅರಸನ ವರ್ಗೀಕರಣ. ಗಾಳಕ್ಕೆ ಸಿಗದ, ತಟ್ಟೆಗೆ ಬಾರದ ಕಿರುಮೀನಿಗೆ ಅದರಲ್ಲಿ ಪ್ರಾಶಸ್ತ್ಯವಿಲ್ಲ. ಉಪಯೋಗವನ್ನು ಅನುಸರಿಸುವ ಈ ದೃಷ್ಟಿ ಆಧುನಿಕ ಕಾಲದಲ್ಲಿಯೂ ಮುಂದುವರಿದಿದೆ. ಕನ್ನಡದ ‘ಗೆಂಡೆ’ ತಮಿಳಿನ ‘ಕೆಂಡೈ’ಗೆ ಸಂವಾದಿಯಾದ ಹಳೆಯ ದ್ರಾವಿಡ ಪದ. ಈ ನೆಲದ ಸಿಹಿನೀರಿನ ಹುರುಪೆಮೀನುಗಳಿಗೆ ಸಲ್ಲುತ್ತಿದ್ದ ಮಾತದು. ಮೀನುಗಾರಿಕೆಯ ಆಧುನಿಕ ಪರಿಭಾಷೆಯಲ್ಲಿ ಅದೇ ಪದ ಸಾಮಾನ್ಯ ಗೆಂಡೆ, ಹುಲ್ಲು ಗೆಂಡೆ, ಬೆಳ್ಳಿ ಗೆಂಡೆ ಎಂದು ಹೊರಗಿನಿಂದ ತಂದ ಸಾಕುಮೀನುಗಳಿಗೆ ಅಂಟಿತು. ಇವುಗಳಲ್ಲಿ ಹುಲ್ಲು ಗೆಂಡೆಯೂ ಬೆಳ್ಳಿ ಗೆಂಡೆಯೂ ಭಾರತಕ್ಕೆ ಬಂದದ್ದು 1959ರಲ್ಲಿ. ಆ ಹೆಸರಿನ ಹಳೆಯ ವಾರಸುದಾರರಾದ ಸ್ಥಳೀಯ ಕಿರುಗೆಂಡೆಗಳು ಮೀನುಸಾಕಣೆಯ ಕೈಪಿಡಿಗಳಲ್ಲಿ ‘ಕಳೆಮೀನು’ಗಳಾದವು. ಮರಿ ಬಿಡುವ ಮೊದಲು ಕೆರೆಯಿಂದ ತೆಗೆದುಹಾಕಬೇಕಾದ ಜೀವಿಗಳೆಂಬುದು ಅವುಗಳ ವರ್ಗ. ಕಳೆಯೆಂದು ಕರೆದ ಮೇಲೆ ಅದರೊಳಗೆ ಎಷ್ಟು ಪ್ರಭೇದಗಳಿವೆಯೆಂದು ಯಾರೂ ಎಣಿಸುವುದಿಲ್ಲ. ಹೀಗೆ ಶಾಸ್ತ್ರದ ಪಟ್ಟಿಯಲ್ಲಿ ಒಂದೇ ಹೆಸರು, ಸಾಕಣೆಯ ಪಟ್ಟಿಯಲ್ಲಿ ಹೆಸರೇ ಇಲ್ಲ ಎಂಬ ಸ್ಥಿತಿ ಏರ್ಪಟ್ಟಿತು.

3. ಗಂಗೆಯ ಹೆಸರು, ದಖ್ಖನದ ಮೀನು

ಟಿಕ್ಟೋ ಎಂಬ ಹೆಸರಿನ ಮೂಲ ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಪ್ರಕಟಿಸಿದ ಗಂಗಾನದಿಯ ಮೀನುಗಳ ಗ್ರಂಥ. ಟಿಪ್ಪುವಿನ ಪತನಾನಂತರ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ಬರೆದ ಬುಕಾನನ್ ಎಂದೇ ಕನ್ನಡದ ಇತಿಹಾಸಾಸಕ್ತರಿಗೆ ಪರಿಚಿತನಾದ ವ್ಯಕ್ತಿ ಈತನೇ. ಅವನು ಬಂಗಾಳದ ನೀರಿನ ಎರಡು ಚುಕ್ಕೆಯ ಪುಟ್ಟ ಮೀನಿಗೆ ಸಿಪ್ರಿನಸ್ ಟಿಕ್ಟೋ ಎಂದು ಹೆಸರಿಟ್ಟ. ಅವನು ವರ್ಣಿಸಿದ ಮೀನುಗಳ ಮೂಲ ಮಾದರಿಗಳು ಉಳಿದಿಲ್ಲ. ಉಳಿದಿರುವುದು ಮಾತಿನ ವರ್ಣನೆ ಮತ್ತು ಸ್ಥಳೀಯ ಕಲಾವಿದರು ಬರೆದ ಚಿತ್ರಗಳು. ಅಂಥ ಚಿತ್ರಗಳನ್ನು ರಚಿಸಿದ ಹಲುದಾರ್ ಎಂಬ ಬಂಗಾಳಿ ಯುವಕನ ನೆನಪಿಗಾಗಿ ದಕ್ಷಿಣ ಭಾರತದ ಪಟ್ಟೆಗೆಂಡೆಗಳ ಜಾತಿಗೆ 2013ರಲ್ಲಿ ಹಲುದಾರಿಯಾ ಎಂಬ ಹೆಸರು ಬಂದಿತು.

ಭೀಮಾ ಕೊಳ್ಳಕ್ಕೆ ನೇರವಾಗಿ ಸಂಬಂಧಿಸಿದ ಮೊದಲ ಮತ್ಸ್ಯಗ್ರಂಥಕಾರ ವಿಲಿಯಂ ಹೆನ್ರಿ ಸೈಕ್ಸ್. ಮುಂಬಯಿ ಸರ್ಕಾರದ ಪರವಾಗಿ ದಖ್ಖನದ ಅಂಕಿಅಂಶಗಳನ್ನು ಸಂಗ್ರಹಿಸಿದ ಈ ಸೇನಾಧಿಕಾರಿ ದಖ್ಖನದ ಮೀನುಗಳ ವಿವರಣೆಯನ್ನು 1839ರಲ್ಲಿಯೂ, ಚಿತ್ರಸಹಿತವಾದ ವಿಸ್ತೃತ ರೂಪವನ್ನು 1841ರಲ್ಲಿಯೂ ಪ್ರಕಟಿಸಿದ. ಖುದ್ರೀ, ಕೋಲುಸ್, ಮುಸುಲ್ಲಾ, ಮುಳ್ಯಾ, ಬೊಗ್ಗಟ್ ಎಂಬ ಅವನ ಪ್ರಭೇದನಾಮಗಳು ಬೆಸ್ತರ ಬಾಯಿಂದಲೇ ಬಂದವು. ಇದು ಅವನ ಹೆಚ್ಚುಗಾರಿಕೆ. ಅವನ ಹಲವು ಪ್ರಭೇದಗಳಿಗೂ ಮೂಲ ಮಾದರಿಗಳು ಉಳಿಯದಿರುವುದು ಮುಂದಿನವರಿಗೆ ಒದಗಿದ ತೊಡಕು.

ಮಾದರಿ ಇಲ್ಲದ ಹೆಸರು ಎಷ್ಟು ದೂರ ಅಲೆಯಬಲ್ಲದು ಎಂಬುದಕ್ಕೆ ಮುಸುಲ್ಲಾದ ಕಥೆಯೇ ನಿದರ್ಶನ. ಸೈಕ್ಸ್ ಆ ಮೀನನ್ನು ವರ್ಣಿಸಿದ್ದು ಭೀಮೆಯ ಉಪನದಿಯಾದ ಘೋಡ್ ನದಿಯಿಂದ, ಶಿರೂರಿನ ಬಳಿ. 20ನೆಯ ಶತಮಾನದಲ್ಲಿ ಈ ಹೆಸರು ಕಾವೇರಿಯ ಡುಬ್ಬಿನ ಮಹಶೀರಕ್ಕೆ ಅಂಟಿಕೊಂಡಿತು. 2010ರ ದಶಕದ ಮರುಪರಿಶೀಲನೆಯಲ್ಲಿ ಸೈಕ್ಸ್ ಕಂಡ ಮೀನು ಮಹಶೀರವೇ ಅಲ್ಲ, ಹಿಪ್ಸೆಲೋಬಾರ್ಬಸ್ ಜಾತಿಗೆ ಸೇರಿದ್ದು ಎಂಬುದು ಸ್ಪಷ್ಟವಾಯಿತು. ಆಗ ಕಾವೇರಿಯ ಆ ಮಹಾಮತ್ಸ್ಯಕ್ಕೆ ಶಾಸ್ತ್ರೀಯ ಹೆಸರೇ ಇಲ್ಲದಂತಾಯಿತು. ಅದು ಟಾರ್ ರೆಮಾದೇವಿಯೈ ಎಂದು ನಿರ್ಣಯವಾದದ್ದು 2018ರಲ್ಲಿ. ಹೆಸರು ನಿಂತ ಮೇಲೆಯೇ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಅತ್ಯಂತ ಗಂಭೀರ ಅಪಾಯದಲ್ಲಿರುವ ಪ್ರಭೇದವೆಂದು ಸೇರಲು ಸಾಧ್ಯವಾಯಿತು. ಭೀಮೆಯ ಹೆಸರು ಕಾವೇರಿಯ ಮೀನಿಗೆ ಹೋದದ್ದು ಒಂದು ತಪ್ಪು. ಬಂಗಾಳದ ಹೆಸರು ಭೀಮೆಯ ಮೀನಿಗೆ ಬಂದಾಗಲೂ ಅದೇ ಬಗೆಯ ಪರೀಕ್ಷೆ ಅಗತ್ಯವಾಗುತ್ತದೆ.

4. ಟಿಕ್ಟೋ ಎಂಬ ಬುಟ್ಟಿ

ಫ್ರಾನ್ಸಿಸ್ ಡೇ 1875–78ರ ಅವಧಿಯಲ್ಲಿ ಹೊರತಂದ ಭಾರತೀಯ ಮೀನುಗಳ ಬೃಹದ್‌ಗ್ರಂಥ ಒಂದು ಶತಮಾನ ಕಾಲ ಈ ವಿಷಯದ ಆಕರವಾಗಿತ್ತು. ಕೆ.ಸಿ. ಜಯರಾಮ್ 1991ರಲ್ಲಿ ಭಾರತೀಯ ಪ್ರದೇಶದ ಪುಂಟಿಯಸ್ ಜಾತಿಯ ಪರಿಷ್ಕರಣವನ್ನು ಪ್ರಕಟಿಸಿದರು. ಇಂಥ ಗ್ರಂಥಗಳು ವಿಶಾಲ ಭೂಪ್ರದೇಶವನ್ನು ಒಂದೇ ಚೌಕಟ್ಟಿಗೆ ತಂದವು. ಅವುಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವುಗಳನ್ನು ಬಳಸಿದ ರೀತಿಯಲ್ಲಿ ದೋಷವಿದೆ. ಕೈಪಿಡಿಯ ಕೀಲಿಯನ್ನು ಹಿಡಿದು ಮೀನನ್ನು ನೋಡುವವನಿಗೆ ಕೀಲಿಯಲ್ಲಿರುವ ಹೆಸರುಗಳಲ್ಲಿ ಒಂದು ದೊರೆಯಲೇಬೇಕು. ಹೊಸದಾದುದನ್ನು ಹೊಸದೆಂದು ಹೇಳುವ ದಾರಿ ಕೀಲಿಯಲ್ಲಿ ಇರುವುದಿಲ್ಲ. ಎರಡು ಚುಕ್ಕೆ ಕಂಡರೆ ಟಿಕ್ಟೋ. ಚುಕ್ಕೆಯ ಜಾಗ ಸ್ವಲ್ಪ ಬೇರೆಯಾದರೆ ರೂಪಭೇದ. ಮುಂದಿನ ಪಟ್ಟಿಕಾರನು ಹಿಂದಿನ ಪಟ್ಟಿಯನ್ನು ಆಧಾರವಾಗಿ ತೋರಿಸುತ್ತಾನೆ. ಹೀಗೆ ಹೆಸರು ಗ್ರಂಥದಿಂದ ಗ್ರಂಥಕ್ಕೆ ಹರಿದು ಬರುತ್ತದೆಯೇ ಹೊರತು ಮೀನಿನಿಂದ ಗ್ರಂಥಕ್ಕೆ ಬರುವುದಿಲ್ಲ. ಹಸ್ತಪ್ರತಿಗಳ ಸಂಪಾದನೆಯಲ್ಲಿ ಲಿಪಿಕಾರನ ಸ್ಖಾಲಿತ್ಯವು ಪ್ರತಿಯಿಂದ ಪ್ರತಿಗೆ ಸಾಗುವುದನ್ನು ಬಲ್ಲವರಿಗೆ ಈ ಪ್ರಕ್ರಿಯೆ ಅಪರಿಚಿತವೆನಿಸದು. ಪ್ರತಿಗಳ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಪಾಠ ಶುದ್ಧವಾಗುವುದಿಲ್ಲ.

ಅಲಂಕಾರಿಕ ಮೀನುಗಳ ಲೋಕದಲ್ಲಿಯೂ ಇದೇ ನಡೆಯಿತು. 1970ರ ದಶಕದ ಆರಂಭದಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಒಡೆಸ್ಸಾ ನಗರದಲ್ಲಿ ಕೆಂಪು ಪಟ್ಟೆಯ ಒಂದು ಪುಟ್ಟ ಮೀನು ಹವ್ಯಾಸಿಗಳ ಕೈಗೆ ಬಂದಿತು. ಅದರ ಮೂಲಸ್ಥಾನ ಯಾರಿಗೂ ತಿಳಿದಿರಲಿಲ್ಲ. ಒಡೆಸ್ಸಾ ಬಾರ್ಬ್ ಎಂದು ಮಾರಾಟವಾದ ಅದನ್ನು ಬಹುಕಾಲ ಟಿಕ್ಟೋದ ಬಣ್ಣದ ತಳಿಯೆಂದು ಭಾವಿಸಲಾಗಿತ್ತು. ಅದು ಮ್ಯಾನ್ಮಾರಿನ ಪ್ರತ್ಯೇಕ ಪ್ರಭೇದವೆಂದು ತಿಳಿದು ಪದಮ್ಯಾ ಎಂಬ ಹೆಸರು ಪಡೆದದ್ದು 2008ರಲ್ಲಿ. ಬರ್ಮೀ ಭಾಷೆಯಲ್ಲಿ ಅದರ ಅರ್ಥ ಮಾಣಿಕ್ಯ. ಮೂರು ದಶಕಗಳಿಗೂ ಹೆಚ್ಚು ಕಾಲ ಗಾಜಿನ ತೊಟ್ಟಿಗಳಲ್ಲಿ ಎಲ್ಲರ ಕಣ್ಣೆದುರಿಗಿದ್ದ ಮೀನೇ ತಪ್ಪು ಹೆಸರಿನಲ್ಲಿ ಬದುಕಬಹುದಾದರೆ, ಎರೆಮಣ್ಣಿನ ಕದಡಿದ ನೀರಿನಲ್ಲಿರುವ ಮೀನಿನ ವಿಷಯದಲ್ಲಿ ನಿಶ್ಚಿಂತೆಯಿಂದಿರುವುದು ಯುಕ್ತವಲ್ಲ.

ಪುಂಟಿಯಸ್ ಎಂಬ ವಿಸ್ತಾರವಾದ ಜಾತಿಯನ್ನು ಒಡೆದು ನೋಡುವ ನಿರ್ಣಾಯಕ ಪ್ರಯತ್ನವನ್ನು 2012ರಲ್ಲಿ ರೋಹನ್ ಪೆಥಿಯಾಗೊಡ ಮತ್ತು ಅವರ ಸಹಲೇಖಕರು ಮಾಡಿದರು. ಬೆನ್ನುರೆಕ್ಕೆಯ ಗಡಸು ಮುಳ್ಳಿನಲ್ಲಿ ಗರಗಸದಂಥ ಹಲ್ಲುಗಳಿರುವ, ಮೀಸೆಗಳಿಲ್ಲದ ಅಥವಾ ಅತಿಸಣ್ಣ ಮೀಸೆಗಳಿರುವ, ಬಾಲದ ಬುಡದಲ್ಲಿ ಕಪ್ಪು ಗುರುತುಳ್ಳ ಮೀನುಗಳು ಪೆಥಿಯಾ ಜಾತಿಗೆ ಸೇರಿದವು. ಸಿಂಹಳದಲ್ಲಿ ಇಂಥ ಪುಟ್ಟ ಮೀನುಗಳಿಗೆ ಇರುವ ಸಾಮಾನ್ಯ ಹೆಸರೇ ಪೆಥಿಯಾ.

ಇದಾದ ನಾಲ್ಕು ವರ್ಷಗಳಲ್ಲಿ, 2016ರಲ್ಲಿ, ಭೀಮಾ ಕೊಳ್ಳದಿಂದಲೇ ಹೊಸ ಪ್ರಭೇದವೊಂದು ವರ್ಣಿತವಾಯಿತು. ಮಹಾರಾಷ್ಟ್ರದ ಪವನಾ ಮತ್ತು ನೀರಾ ಉಪನದಿಗಳಲ್ಲಿ ದೊರೆತ ಈ ಮೀನಿಗೆ ಉನ್ಮೇಷ್ ಕಟವಟೆ ಮತ್ತು ಸಂಗಡಿಗರು ಪೆಥಿಯಾ ಸಂಜಯಮೋಲೂರಿ ಎಂದು ಹೆಸರಿಟ್ಟರು. ಸಂರಕ್ಷಣಾ ತಜ್ಞ ಸಂಜಯ್ ಮೋಲೂರ್ ಅವರ ಗೌರವಾರ್ಥವಾಗಿ ಬಂದ ಹೆಸರಿದು. ಇದರಲ್ಲಿ ಪಾರ್ಶ್ವರೇಖೆ ಹೆಗಲಿನಿಂದ ಬಾಲದವರೆಗೆ ಪೂರ್ಣವಾಗಿದೆ. ಹೆಗಲಿನ ಚುಕ್ಕೆ ಆ ರೇಖೆಯ ಮೂರು ಮತ್ತು ನಾಲ್ಕನೆಯ ಹುರುಪೆಗಳನ್ನು ಆವರಿಸಿ ಕೆಳಕ್ಕೆ ಇಳಿಯುತ್ತದೆ. ಬಾಲದ ಚುಕ್ಕೆಯ ಮುಂಬದಿಗೆ ಹಳದಿ ಛಾಯೆಯಿದೆ. ಬೆನ್ನುರೆಕ್ಕೆಯ ತುದಿ ಕಪ್ಪಾಗಿ ಕಾಣುತ್ತದೆ. ಟಿಕ್ಟೋದಲ್ಲಾದರೋ ಪಾರ್ಶ್ವರೇಖೆ ಸಾಮಾನ್ಯವಾಗಿ ಮುಂಭಾಗದ ಕೆಲವು ಹುರುಪೆಗಳಲ್ಲಿಯೇ ನಿಂತುಹೋಗುತ್ತದೆ. ಕೃಷ್ಣಾ ಕೊಳ್ಳದ ಇತರ ಕವಲುಗಳಿಂದಲೂ ಇಂಥ ವರ್ಣನೆಗಳು ಬಂದವು. ಹಿರಣ್ಯಕೇಶಿಯಿಂದ 2014ರಲ್ಲಿ ಪೆಥಿಯಾ ಲಾಂಗಿಕಾಡಾ, ಕುದುರೆಮುಖದ ತುಂಗಾನದಿಯಿಂದ 2015ರಲ್ಲಿ ಪೆಥಿಯಾ ಸ್ಟ್ರಯಾಟಾ ಬೆಳಕಿಗೆ ಬಂದವು. ಒಂದೇ ಮಹಾನದಿಯ ಕೊಳ್ಳದಲ್ಲಿ ಮೂರು ವರ್ಷಗಳೊಳಗೆ ಮೂರು ಪ್ರಭೇದಗಳು ಬೇರ್ಪಟ್ಟವು ಎಂದರೆ ಹಳೆಯ ಪಟ್ಟಿಗಳ ಬಗ್ಗೆ ಮರುವಿಚಾರ ಅನಿವಾರ್ಯ.

5. ಗುರುತಿಸುವ ಲಕ್ಷಣಗಳ ಬಲಾಬಲ

ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಬಳಸುವ ಲಕ್ಷಣಗಳೆಲ್ಲ ಸಮಾನ ಬಲದವಲ್ಲ. ಬಣ್ಣ ಮೊದಲು ಕಣ್ಣಿಗೆ ಬೀಳುವ, ಆದರೆ ಅತ್ಯಂತ ಚಂಚಲವಾದ ಲಕ್ಷಣ. ಸಂತಾನಕಾಲದಲ್ಲಿ ಗಂಡಿನ ಮೈಯಲ್ಲಿ ಕೆಂಪೇರುತ್ತದೆ, ಹೆಣ್ಣು ಮಂಕಾಗಿಯೇ ಉಳಿಯುತ್ತದೆ. ಸಂರಕ್ಷಕ ದ್ರಾವಣದಲ್ಲಿಟ್ಟ ಮಾದರಿಯಲ್ಲಿ ಕೆಂಪು, ಹಳದಿಗಳು ಅಳಿಸಿಹೋಗಿ ಕಪ್ಪು ಮಾತ್ರ ಉಳಿಯುತ್ತದೆ. ಹೀಗಾಗಿ ವಸ್ತುಸಂಗ್ರಹಾಲಯದ ಸೀಸೆಯನ್ನು ಮಾತ್ರ ನೋಡಿದವನು ಭಿನ್ನ ಪ್ರಭೇದಗಳನ್ನು ಒಂದೆಂದು ಕಾಣುವ, ಜೀವಂತ ಮೀನಿನ ಬಣ್ಣವನ್ನು ಮಾತ್ರ ನೋಡಿದವನು ಒಂದನ್ನೇ ಎರಡೆಂದು ಕಾಣುವ ಸಂಭವವಿದೆ.

ವಯಸ್ಸು ಇನ್ನೊಂದು ತೊಡಕು. ಉದ್ದವಾದ ರೆಕ್ಕೆಯೆಳೆಗಳಿಂದ ಅಲಂಕಾರಿಕ ಮೀನಾಗಿ ಹೆಸರಾದ ಡಾಕಿನ್ಸಿಯಾ ಜಾತಿಯಲ್ಲಿ ಮರಿಗಳ ಮೈಮೇಲೆ ಅಡ್ಡಪಟ್ಟೆಗಳಿರುತ್ತವೆ. ಬೆಳೆದಂತೆ ಹಲವು ಪ್ರಭೇದಗಳಲ್ಲಿ ಅವು ಮಾಸಿ ಬಾಲದ ಬಳಿಯ ಒಂದು ಕಲೆ ಮಾತ್ರ ನಿಲ್ಲುತ್ತದೆ. ರೆಕ್ಕೆಯೆಳೆಗಳು ನೀಳವಾಗುವುದು ಬಲಿತ ಗಂಡಿನಲ್ಲಿ. ಒಂದೇ ಬಲೆಯಲ್ಲಿ ಬಿದ್ದ ಮರಿ, ಹೆಣ್ಣು, ಗಂಡುಗಳನ್ನು ಮೂರು ಬಗೆಯೆಂದು ಎಣಿಸುವ ಅಪಾಯ ಇಲ್ಲಿ ಸದಾ ಇದೆ.

ಇವುಗಳಿಗೆ ಹೋಲಿಸಿದರೆ ಎಣಿಕೆಯ ಲಕ್ಷಣಗಳು ಹೆಚ್ಚು ಭದ್ರ. ಪಾರ್ಶ್ವರೇಖೆಯಲ್ಲಿ ರಂಧ್ರವಿರುವ ಹುರುಪೆಗಳೆಷ್ಟು, ಬೆನ್ನುರೆಕ್ಕೆಯಿಂದ ಆ ರೇಖೆಯವರೆಗೆ ಎಷ್ಟು ಸಾಲು, ಮುಳ್ಳಿನಲ್ಲಿ ಎಷ್ಟು ಹಲ್ಲು, ಮೀಸೆ ಇದೆಯೇ ಇಲ್ಲವೇ, ಚುಕ್ಕೆ ಯಾವ ಹುರುಪೆಯ ಮೇಲೆ ಕುಳಿತಿದೆ ಎಂಬ ಪ್ರಶ್ನೆಗಳಿಗೆ ಭೂತಗನ್ನಡಿಯೊಂದಿದ್ದರೆ ಯಾವ ಕಾಲೇಜಿನ ಪ್ರಯೋಗಾಲಯದಲ್ಲಾದರೂ ಉತ್ತರ ಪಡೆಯಬಹುದು. ಆದರೂ ಅನೇಕ ಪಟ್ಟಿಗಳಲ್ಲಿ ಈ ಸಂಖ್ಯೆಗಳು ಕಾಣುವುದಿಲ್ಲ. ಹೆಸರು ಮಾತ್ರ ಇರುತ್ತದೆ. ಹೆಸರು ಒಂದು ನಿರ್ಣಯ, ಎಣಿಕೆ ಅದರ ಸಾಕ್ಷ್ಯ. ಸಾಕ್ಷ್ಯವನ್ನು ಬಿಟ್ಟು ನಿರ್ಣಯವನ್ನು ಮಾತ್ರ ಮುದ್ರಿಸಿದಾಗ ಮುಂದಿನ ಸಂಶೋಧಕನಿಗೆ ಮರುಪರಿಶೀಲನೆಯ ದಾರಿಯೇ ಮುಚ್ಚಿಹೋಗುತ್ತದೆ.

ಎಣಿಕೆಗಿಂತಲೂ ಮೂಲಭೂತವಾದ ಸಾಕ್ಷ್ಯ ಸ್ಥಳ. ಮಹಾರಾಜಾ ಬಾರ್ಬ್ ಎಂದು ಅಲಂಕಾರಿಕ ಮೀನು ಸಾಕುವವರು ಕರೆಯುವ ಮೀನನ್ನು ಇ.ಜಿ. ಸೈಲಸ್ 1953ರಲ್ಲಿ ಮಹಾಬಳೇಶ್ವರ ಸೀಮೆಯ ಯೆನ್ನಾ ಕಣಿವೆಯಿಂದ ಪುಂಟಿಯಸ್ ಸಹ್ಯಾದ್ರಿಯೆನ್ಸಿಸ್ ಎಂದು ವರ್ಣಿಸಿದರು. ಯೆನ್ನಾ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುವ ಹೊಳೆ. ಉತ್ತರ ಕನ್ನಡದ ಕಾಳಿ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುವ ನದಿ. ಕಾಳಿಯಲ್ಲಿ ದೊರೆಯುವ ಅಂಥದೇ ಮೀನು ಬೇರೆಯ ಪ್ರಭೇದವೆಂದು 2020ರಲ್ಲಿ ಸ್ಥಾಪಿತವಾಯಿತು. ಮಣಿಪುರದ ಮತ್ಸ್ಯಶಾಸ್ತ್ರಜ್ಞ ವೈಖೋಮ್ ವಿಶ್ವನಾಥ್ ಅವರ ಹೆಸರಿನ ವೈಖೋಮಿಯಾ ಎಂಬ ಹೊಸ ಜಾತಿಯಲ್ಲಿ ಕಾಳಿಯ ಮೀನು ಹೀರಾ ಎಂಬ ಪ್ರಭೇದವಾಯಿತು. ಅದೇ ವರ್ಷ ಡಾಕಿನ್ಸಿಯಾದಲ್ಲಿಯೂ ಅಪ್ಸರಾ, ಉತ್ತರಾ, ಆಸ್ಟೆಲ್ಲಸ್ ಎಂಬ ಮೂರು ಪ್ರಭೇದಗಳು ಪಶ್ಚಿಮಘಟ್ಟದಿಂದ ವರ್ಣಿತವಾದವು. ಜಲವಿಭಾಜಕ ಬದಲಾದರೆ ಪ್ರಭೇದವೂ ಬದಲಾಗಿರಬಹುದು ಎಂಬುದು ಇವುಗಳ ಪಾಠ. ‘ಕರ್ನಾಟಕ’ ಎಂದೋ ‘ಪಶ್ಚಿಮಘಟ್ಟ’ ಎಂದೋ ಸ್ಥಳ ನಮೂದಿಸಿದ ಮಾದರಿಯಿಂದ ಈ ಪಾಠ ಕಲಿಯಲಾಗದು. ಯಾವ ಹೊಳೆ, ಯಾವ ದಡ, ಯಾವ ತಿಂಗಳು ಎಂಬುದು ಬೇಕು.

6. ಒಡೆಯುವಿಕೆಯ ಮಿತಿಗಳು

ಇದರ ಅರ್ಥ, ಪ್ರತಿ ಹೊಳೆಗೂ ಒಂದು ಹೊಸ ಪ್ರಭೇದವನ್ನು ಕಲ್ಪಿಸಬೇಕೆಂದಲ್ಲ. ಹೊಸ ಹೆಸರುಗಳ ಉತ್ಸಾಹವೂ ತಪ್ಪಿಗೆ ಹೊರತಲ್ಲ. ಕೇರಳದ ಮೂವಾಟ್ಟುಪುಳ ನದಿಯ ಹೆಸರಿನಲ್ಲಿ 2005ರಲ್ಲಿ ವರ್ಣಿತವಾದ ಪುಂಟಿಯಸ್ ಮೂವಾಟ್ಟುಪುಳಯೆನ್ಸಿಸ್ ಎಂಬುದು 1865ರಷ್ಟು ಹಿಂದೆಯೇ ಡೇ ಹೆಸರಿಸಿದ್ದ ಪಂಕ್ಟಾಟಾ ಪ್ರಭೇದವೇ ಎಂದು ನಂತರದ ಪರಿಶೀಲನೆಯಲ್ಲಿ ತೀರ್ಮಾನವಾಯಿತು. ಹಳೆಯ ಪ್ರಭೇದದ ಮೂಲಸ್ಥಳದ ಮೀನನ್ನು ಮೊದಲು ಸ್ಪಷ್ಟಪಡಿಸಿಕೊಳ್ಳದೆ ಹೊಸದನ್ನು ಘೋಷಿಸಿದಾಗ ಹೀಗಾಗುವುದು ಸಹಜ. ಒಂದುಗೂಡಿಸುವವರ ದೋಷವೂ ಒಡೆಯುವವರ ದೋಷವೂ ಮೂಲದಲ್ಲಿ ಒಂದೇ: ಹೋಲಿಕೆಗೆ ಬೇಕಾದ ಮಾದರಿಗಳನ್ನು ಎದುರಿಗಿಟ್ಟುಕೊಳ್ಳದಿರುವುದು.

ವಂಶವಾಹಿಯ ಪರೀಕ್ಷೆ ಈ ವಿವಾದಗಳಿಗೆಲ್ಲ ಕೊನೆ ಹಾಡುತ್ತದೆಂಬ ನಂಬಿಕೆಯನ್ನೂ ವಿಮರ್ಶಿಸಬೇಕಾಗಿದೆ. ಮೀನುಗಳ ಅಧ್ಯಯನದಲ್ಲಿ ಹೆಚ್ಚಾಗಿ ಬಳಸುವ ಸೈಟೋಕ್ರೋಮ್ ಬಿ ಮೊದಲಾದ ವಂಶವಾಹಿಗಳು ತಾಯಿಯ ಕಡೆಯಿಂದ ಮಾತ್ರ ಸಾಗಿಬರುವಂಥವು. ಸಂಕರ ನಡೆದಿದ್ದರೆ ಅವು ಅರ್ಧ ಕಥೆ ಮಾತ್ರ ಹೇಳುತ್ತವೆ. ಅಂತರದ ಶೇಕಡಾವಾರು ಎಷ್ಟಾದರೆ ಪ್ರಭೇದ ಬೇರೆ ಎಂಬುದಕ್ಕೆ ಎಲ್ಲ ಗುಂಪುಗಳಿಗೂ ಸಲ್ಲುವ ನಿಯಮವಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಾರ್ವಜನಿಕ ದತ್ತಕೋಶದಲ್ಲಿ ಟಿಕ್ಟೋ ಎಂದು ಸೇರಿಸಿದ ಅನುಕ್ರಮವು ತಪ್ಪಾಗಿ ಗುರುತಿಸಿದ ಮೀನಿನದಾಗಿದ್ದರೆ, ಅದಕ್ಕೆ ಹೋಲಿಸಿ ಹೆಸರಿಡುವವರೆಲ್ಲರೂ ಅದೇ ತಪ್ಪನ್ನು ಪ್ರಯೋಗಾಲಯದ ಮುದ್ರೆಯೊಂದಿಗೆ ಪುನರುಚ್ಚರಿಸುತ್ತಾರೆ. ಲಿಪಿಕಾರನ ಸ್ಖಾಲಿತ್ಯವು ಯಂತ್ರದ ಸ್ಖಾಲಿತ್ಯವಾಗುತ್ತದೆ, ಅಷ್ಟೇ. ಸಂಜಯಮೋಲೂರಿಯ ವರ್ಣನೆ ವಿಶ್ವಾಸಾರ್ಹವೆನಿಸುವುದು ಅದು ಹುರುಪೆಯ ಎಣಿಕೆ, ಎಲುಬಿನ ರಚನೆ, ಬಣ್ಣದ ವಿನ್ಯಾಸ, ವಂಶವಾಹಿಯ ಅಂತರಗಳನ್ನು ನಿರ್ದಿಷ್ಟ ಸ್ಥಳದ ಮಾದರಿಗಳಿಗೆ ಕಟ್ಟಿಹಾಕಿದ್ದರಿಂದ.

7. ಹೆಸರಿನ ಹಿಂದಿನ ಹೊಣೆ

ಇಷ್ಟು ಚಿಕ್ಕ ಮೀನಿನ ಹೆಸರಿಗಾಗಿ ಇಷ್ಟು ಚರ್ಚೆ ಏಕೆಂಬ ಪ್ರಶ್ನೆ ಏಳಬಹುದು. ಸಂರಕ್ಷಣೆಯ ವ್ಯವಸ್ಥೆಯೆಲ್ಲ ಹೆಸರಿನ ಮೇಲೆ ನಿಂತಿದೆ ಎಂಬುದೇ ಇದಕ್ಕೆ ಉತ್ತರ. ಕೇರಳದ ಹೊಳೆಗಳ ಡೆನಿಸನ್ ಬಾರ್ಬ್ ಇದಕ್ಕೆ ಸ್ಪಷ್ಟ ಉದಾಹರಣೆ. ಕೆಂಪು ಮತ್ತು ಕಪ್ಪು ಗೆರೆಗಳ ಈ ಮೀನು ಜಾಗತಿಕ ಮಾರುಕಟ್ಟೆಗೆ ದೊಡ್ಡ ಪ್ರಮಾಣದಲ್ಲಿ ಹೋಗತೊಡಗಿದ ಕಾಲದಲ್ಲಿಯೇ, 1999ರಲ್ಲಿ, ಬೆನ್ನುರೆಕ್ಕೆಯಲ್ಲಿ ಕಪ್ಪು ಕಲೆಯುಳ್ಳ ಚಾಲಕ್ಕುಡಿ ನದಿಯ ಮೀನು ಬೇರೆಯೇ ಪ್ರಭೇದವೆಂದು ಎ.ಜಿ.ಕೆ. ಮೆನನ್ ಮತ್ತು ಸಹಲೇಖಕರು ತೋರಿಸಿದರು. ಎರಡೂ ಈಗ ಸಹ್ಯಾದ್ರಿಯಾ ಜಾತಿಗೆ ಸೇರಿವೆ. ಎರಡನ್ನೂ ಕೆಂಪುಪಟ್ಟಿಯಲ್ಲಿ ಅಪಾಯದಲ್ಲಿರುವ ಪ್ರಭೇದಗಳೆಂದು ಗುರುತಿಸಲಾಗಿದೆ. ಆದರೆ ವ್ಯಾಪಾರಿಯ ಬಿಲ್ಲಿನಲ್ಲಿ ಎರಡಕ್ಕೂ ಒಂದೇ ಹೆಸರಿದ್ದರೆ, ಸೀಮಿತ ನೆಲೆಯ ಪ್ರಭೇದದಿಂದ ಎಷ್ಟು ಮೀನು ಹೊರಹೋಯಿತೆಂದು ಹೇಳುವ ಲೆಕ್ಕವೇ ಇರುವುದಿಲ್ಲ.

ಟಿಕ್ಟೋದ ವಿಷಯದಲ್ಲಿ ಅಪಾಯ ವ್ಯಾಪಾರದಿಂದಲ್ಲ, ಉಪೇಕ್ಷೆಯಿಂದ. ಕೆಂಪುಪಟ್ಟಿಯಲ್ಲಿ ಟಿಕ್ಟೋ ಕನಿಷ್ಠ ಕಾಳಜಿಯ ಪ್ರಭೇದ. ವಿಶಾಲ ವ್ಯಾಪ್ತಿಯ ಮೀನಿಗೆ ಆ ನಿರ್ಣಯ ಸಹಜವೇ. ಆದರೆ ಆ ವ್ಯಾಪ್ತಿಯ ಒಂದು ಭಾಗ ಬೇರೆ ಪ್ರಭೇದಗಳ ಲೆಕ್ಕದಿಂದ ತುಂಬಿದ್ದರೆ, ‘ಎಲ್ಲೆಡೆಯೂ ಇದೆ’ ಎಂಬ ಮಾತಿನ ಮರೆಯಲ್ಲಿ ಒಂದೆಡೆ ಮಾತ್ರ ಇರುವುದು ಅಳಿಯಬಹುದು. ಭೀಮೆ ಇಂದು ಸ್ವಚ್ಛಂದವಾಗಿ ಹರಿಯುವ ನದಿಯಲ್ಲ. ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡ ಮೇಲೆ ಕೆಳಗಿನ ಹರಿವು ಅಲ್ಲಿಂದ ಬಿಡುವ ನೀರನ್ನು ಅವಲಂಬಿಸಿತು. ಅದರ ಕೆಳಗೆ ಸಾಲುಸಾಲಾಗಿ ಬ್ಯಾರೇಜುಗಳು ಬಂದವು. ಮಹಾನಗರಗಳ ಕೊಳೆನೀರು ಮೇಲಿನ ಉಪನದಿಗಳನ್ನು ಸೇರುತ್ತದೆ. 2020ರ ಅಕ್ಟೋಬರಿನಂಥ ಮಹಾಪೂರ ಒಂದು ಕಡೆ, ಬೇಸಿಗೆಯಲ್ಲಿ ಮಡುವುಗಳಷ್ಟೇ ಉಳಿಯುವ ಸ್ಥಿತಿ ಇನ್ನೊಂದು ಕಡೆ. ಹರಿಯುವ ನೀರು ನಿಂತ ನೀರಾದಾಗ ಕೆಲವು ಕಿರುಮೀನುಗಳು ಹೆಚ್ಚುತ್ತವೆ, ಕೆಲವು ಕ್ಷೀಣಿಸುತ್ತವೆ. ಎಲ್ಲವನ್ನೂ ಟಿಕ್ಟೋ ಎಂದು ಬರೆದ ಪಟ್ಟಿಯಲ್ಲಿ ಈ ಬದಲಾವಣೆ ಕಾಣಿಸುವುದೇ ಇಲ್ಲ. ಒಂದು ಪ್ರಭೇದ ಹೋಗಿ ಇನ್ನೊಂದು ಆ ಜಾಗಕ್ಕೆ ಬಂದರೂ ಪಟ್ಟಿ ಹಾಗೆಯೇ ಇರುತ್ತದೆ.

ಈ ಹಿನ್ನೆಲೆಯಲ್ಲಿ ಸೊನ್ನದಂಥ ಸ್ಥಳದ ಮಹತ್ವವನ್ನು ಗ್ರಹಿಸಬೇಕು. ಸಂಜಯಮೋಲೂರಿಯ ವರ್ಣನೆಗೆ ಆಧಾರವಾದ ಪವನಾ, ನೀರಾ ಹೊಳೆಗಳು ಘಟ್ಟದ ಮಗ್ಗುಲಲ್ಲಿ ಹುಟ್ಟುವಂಥವು. ಸೊನ್ನ ಅದೇ ಜಲಜಾಲದ ಬಯಲಿನ ಬಿಂದು. ಇಲ್ಲಿ ಬಲೆಗೆ ಬಿದ್ದ ಎರಡು ಚುಕ್ಕೆಯ ಮೀನನ್ನು ಹಳೆಯ ಕೈಪಿಡಿಯ ಬಲದಿಂದ ಟಿಕ್ಟೋ ಎನ್ನುವುದು ಎಷ್ಟು ಅಶಾಸ್ತ್ರೀಯವೋ, ಒಂದೇ ಕೊಳ್ಳವೆಂಬ ಕಾರಣದಿಂದ ಸಂಜಯಮೋಲೂರಿ ಎನ್ನುವುದೂ ಅಷ್ಟೇ ಅಶಾಸ್ತ್ರೀಯ. ಮೊದಲನೆಯದು ಹಳೆಯ ಎರವಲು, ಎರಡನೆಯದು ಹೊಸ ಎರವಲು. ಪಾರ್ಶ್ವರೇಖೆಯ ರಂಧ್ರಗಳನ್ನು ಎಣಿಸಿ, ಚುಕ್ಕೆ ಕುಳಿತ ಹುರುಪೆಯನ್ನು ಗುರುತಿಸಿ, ಜೀವಂತ ಬಣ್ಣದ ಚಿತ್ರ ತೆಗೆದು, ರೆಕ್ಕೆಯ ಒಂದು ತುಣುಕನ್ನು ಮದ್ಯಸಾರದಲ್ಲಿರಿಸಿ, ಮಾದರಿಯನ್ನು ಸ್ಥಳ ಮತ್ತು ದಿನಾಂಕಸಹಿತ ಸಾರ್ವಜನಿಕ ಸಂಗ್ರಹದಲ್ಲಿ ಇಟ್ಟ ಮೇಲೆ ಬರುವ ಹೆಸರು ಮಾತ್ರ ಸೊನ್ನದ ಮೀನಿನ ಹೆಸರಾದೀತು. ಆ ಮಾದರಿಯ ಜೊತೆಗೆ ಹಿಡಿದವರ ಬಾಯಿಯ ಹೆಸರನ್ನೂ ಅವರ ಉಚ್ಚಾರದಂತೆಯೇ ಬರೆದಿಡಬೇಕು. ಸೈಕ್ಸ್ 19ನೆಯ ಶತಮಾನದಲ್ಲಿ ಮೇಲಿನ ಭೀಮೆಯಲ್ಲಿ ಮಾಡಿದ ಈ ಕೆಲಸ ಕನ್ನಡ ಭೀಮೆಯಲ್ಲಿಯೂ ನಡೆಯಬೇಕಾದದ್ದು. ಬೆಸ್ತರು ಎರಡು ಹೆಸರಿನಿಂದ ಕರೆಯುವುದನ್ನು ಪಟ್ಟಿ ಒಂದೇ ಹೆಸರಿನಿಂದ ಕರೆದಿದ್ದರೆ, ತಪ್ಪು ಬೆಸ್ತರದೆಂದು ಮೊದಲೇ ನಿರ್ಧರಿಸಲು ಕಾರಣವಿಲ್ಲ.

8. ಉಪಸಂಹಾರ

ಮಾನಸೋಲ್ಲಾಸದಿಂದ ಇಂದಿನ ವಂಶವಾಹಿಯ ಅಧ್ಯಯನದವರೆಗಿನ ಈ ಪಯಣದಲ್ಲಿ ವರ್ಗೀಕರಣದ ಸಾಧನಗಳು ಬದಲಾಗಿವೆ. ಬದಲಾಗದೆ ಉಳಿದ ದೌರ್ಬಲ್ಯವೆಂದರೆ ಹಿಂದಿನ ಬರಹಕ್ಕೆ ಎದುರಿಗಿರುವ ಜೀವಿಗಿಂತ ಹೆಚ್ಚಿನ ಪ್ರಾಮಾಣ್ಯ ಕೊಡುವುದು. ಹ್ಯಾಮಿಲ್ಟನ್, ಸೈಕ್ಸ್, ಡೇ, ಜಯರಾಮ್ ಇವರ ಗ್ರಂಥಗಳು ತಮ್ಮ ಕಾಲದ ಸಾಕ್ಷ್ಯಗಳ ಮೇಲೆ ನಿಂತ ಸಾಧನೆಗಳು. ಅವನ್ನು ಕೊನೆಯ ಮಾತೆಂದು ಓದಿದವರು ಆ ಗ್ರಂಥಕರ್ತರಿಗೂ ನ್ಯಾಯ ಮಾಡಲಿಲ್ಲ. 2012ರ ನಂತರದ ಪರಿಷ್ಕರಣಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕರ್ನಾಟಕದ ಭೀಮೆಯ ಕಿರುಗೆಂಡೆಗಳ ಪಟ್ಟಿಯನ್ನು ಮತ್ತೊಮ್ಮೆ ಬರೆಯುವವರು ಹೆಸರಿನ ಮುಂದೆ ಮಾದರಿಯ ಸಂಖ್ಯೆ, ಹೊಳೆಯ ಹೆಸರು, ಹುರುಪೆಯ ಎಣಿಕೆಗಳನ್ನು ಕಾಣಿಸಬೇಕಾಗಿದೆ. ಅಷ್ಟು ಸಾಕ್ಷ್ಯ ಒದಗುವವರೆಗೆ ಜಾತಿಯ ಮಟ್ಟದಲ್ಲಿಯೇ ನಿಂತು ‘ಪೆಥಿಯಾ, ಪ್ರಭೇದ ನಿರ್ಣಯವಾಗಬೇಕು’ ಎಂದು ಬರೆಯುವುದು ಸಂಶೋಧನೆಯ ಸೋಲಲ್ಲ. ತಪ್ಪು ಹೆಸರು ಹುಡುಕಾಟವನ್ನು ಮುಗಿಸಿಬಿಡುತ್ತದೆ. ನಿರ್ಣಯವಾಗಬೇಕೆಂಬ ಮಾತು ಅದನ್ನು ಮುಂದಿನವರಿಗಾಗಿ ತೆರೆದಿಡುತ್ತದೆ. ಬೇಸಿಗೆಯ ಮಡುವಿನಲ್ಲಿ ಉಳಿದ ಮೀನು ಮುಂದಿನ ಹೊಳೆ ಬರುವವರೆಗೆ ಇರುತ್ತದೆಯೋ ಇಲ್ಲವೋ ಎಂಬ ಅನುಮಾನವಿರುವ ನದಿಯಲ್ಲಿ ಆ ಕೆಲಸಕ್ಕೆ ಹೆಚ್ಚು ಅವಧಿಯಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.